ಡೋನಟ್ ಪ್ರಕರಣದ ಅರ್ಜಿದಾರರು

ನಿಯಮದಲ್ಲಿ ಸಂದಿ ಹುಡುಕುವುದು ಒಂದು ಕಾಯಿಲೆ ಎನ್ನುವುದಾದರೆ ನಾನು ಬಹಳ ವರ್ಷಗಳ ರೋಗಿ. ಹಾನಗಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಕುಳಿತೇ ನನ್ನ ಮುಂದಲೆಯ ಕೂದಲು ಹೋಯಿತು. ಅಲ್ಲಿ ದಿನಕ್ಕೆ ಹತ್ತು ಸಲ ನಾನು ಹೇಳುವ ಮಾತು ಒಂದೇ: "ಅರ್ಜಿದಾರರು ಖುದ್ದ ಬರಬೇಕ್ರಿ." ತಮಗೆ ಬೇಕಾದದ್ದನ್ನು ತಾಯಿಯ ಹೆಸರಿನಲ್ಲೋ ಮಗಳ ಹೆಸರಿನಲ್ಲೋ ಕೇಳಲು ಬರುವವರನ್ನು ಮುಖ ನೋಡಿಯೇ ಹಿಡಿಯಬಲ್ಲೆ ಎಂಬ ಜಂಭವೂ ನನಗಿತ್ತು. ಆ ಜಂಭ ಇಳಿದದ್ದು ಡೋನಟ್ಟಿನಿಂದ.

ಅವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು. ನಮ್ಮ ಮನೆತನದಲ್ಲಿ ಹೋದವರ ವರ್ಷದ ಪೂಜೆ ಮುಗಿಯುವವರೆಗೆ ಒಲೆಯ ಮೇಲೆ ಕರಿಯುವ ಎಣ್ಣೆ ಇಡುವಂತಿಲ್ಲ. ಒಗ್ಗರಣೆಗೆ ಅಡ್ಡಿಯಿಲ್ಲ. ಹಪ್ಪಳದ ಬಗ್ಗೆ ಹಿರಿಯರಲ್ಲಿ ಇನ್ನೂ ಒಮ್ಮತವಾಗಿಲ್ಲ. ಹಬ್ಬ ಬಂದರೆ ನೆಂಟರೋ ಓಣಿಯವರೋ ಕರ್ಚಿಕಾಯಿ ತಂದು ಕೊಡುತ್ತಾರೆ, ನಾವು ತಲೆ ತಗ್ಗಿಸಿಕೊಂಡು ತಿನ್ನುತ್ತೇವೆ. ಅವ್ವನಾದರೋ ಕರಿಯಲು ಕುಳಿತರೆ ಒಂದು ಕಾಲು ಮಡಚಿ ಕುಳಿತವಳು ಕೊನೆಯ ಚೂರು ಮೇಲೇಳುವ ತನಕ ಅಲುಗುತ್ತಿರಲಿಲ್ಲ. ತಾನು ರುಚಿ ನೋಡುತ್ತಿರಲಿಲ್ಲ. ಮೊದಲನೆಯದು ದೇವರ ಜಗುಲಿಗೆ, ಎರಡನೆಯದು ನನಗೆ. "ಬಿಸಿ ಐತಿ, ಊದಿಕೊಂಡು ತಿನ್ನು" ಎನ್ನುತ್ತಿದ್ದಳು. ನನಗೆ ಐವತ್ತು ತುಂಬಿದ ಮೇಲೂ ಹಾಗೆಯೇ ಹೇಳುತ್ತಿದ್ದಳು, ನಾನು ಹಾಗೆಯೇ ಊದುತ್ತಿದ್ದೆ.

ಹೀಗಿರುವಾಗ ಮಗಳು ಸಹನಾಳ ಹತ್ತನೆಯ ಹುಟ್ಟುಹಬ್ಬ ಬಂತು. ಮನೆಯಲ್ಲಿ ಡೋನಟ್ ಮಾಡೋಣ ಎಂದೆ. ಹೆಂಡತಿ ಗಿರಿಜಾ ನನ್ನ ಮುಖ ನೋಡಿದಳು.

"ಎಣ್ಣಿ ಇಡೂ ಹಂಗಿಲ್ಲಲ್ರಿ."

"ಡೋನಟ್ ಅಂದ್ರ ಬ್ರೆಡ್ಡಿನ ಪೈಕಿ. ಕರಿದದ್ದರಾಗ ಬರೂದಿಲ್ಲ."

"ಎಣ್ಣ್ಯಾಗ ಬಿಟ್ಟ ಮ್ಯಾಲೆ ಅದು ಕರಿದದ್ದ."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಹಾಗಾದರೆ ಎಣ್ಣೆಯಿಲ್ಲದೆಯೇ ಮಾಡುತ್ತೇನೆ, ಕುಕ್ಕರಿನ ತಳಕ್ಕೆ ಉಪ್ಪು ಹರಡಿ ಮೇಲೆ ತಟ್ಟೆಯಿಟ್ಟು ಬೇಯಿಸುತ್ತೇನೆ ಎಂದೆ. ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ಮೊಟ್ಟೆಯನ್ನೂ ಹಾಕದೆ ನಗುನಗುತ್ತ ಹಾಗೆ ಮಾಡಿ ತೋರಿಸಿದ್ದಳು. ಈಸ್ಟ್ ಪುಡಿಗಾಗಿ ಹಾನಗಲ್ಲಿನಲ್ಲಿ ನನಗೆ ಪರಿಚಯದ ಬೇಕರಿಗೆ ಹೋದೆ. ಬೇಕರಿಯ ಸಾಹೇಬರು ಸವಣೂರಿನ ಕಡೆಯವರು, ಬಹಳ ಮರ್ಯಾದಸ್ಥರು. ಪುಡಿ ಕಟ್ಟಿಕೊಡುತ್ತ, "ಇಷ್ಟಕ್ಕ ಯಾಕ ತ್ರಾಸ ತಗೋತೀರಿ ಸರ್? ನಾನ ಒಂದ್ ಡಜನ್ ಮಾಡಿ ಕೊಡ್ತೇನ್ರಿ" ಎಂದರು. "ಮನ್ಯಾಗ ಮಾಡಿದ್ದ ಬೇಕಂತ ಹಟ ಹಿಡದಾಳ್ರಿ ಮಗಳು" ಎಂದೆ. ಅವರು ನಂಬಿದರು. ನಂಬದಿರಲು ಅವರೇನು ಅರ್ಜಿ ತೆಗೆದುಕೊಳ್ಳುವ ಗುಮಾಸ್ತರೇ?

ಭಾನುವಾರ ಬೆಳಿಗ್ಗೆ ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ಮೈದಾ, ಹಾಲು, ಸಕ್ಕರೆ, ಬೆಣ್ಣೆ, ಈಸ್ಟ್ ಸೇರಿಸಿ ಹಿಟ್ಟು ನಾದಿದೆ. ಥಂಡಿಯ ದಿನ. ಗಂಟೆಯಾದರೂ ಹಿಟ್ಟು ಉಬ್ಬಲೊಲ್ಲದು. ಬೆಚ್ಚಗಿಡಬೇಕೆಂದು ಪಾತ್ರೆಯನ್ನು ಒಳಕೋಣೆಗೆ ಒಯ್ದೆ. ಅಲ್ಲಿ ಅವ್ವನ ಕೌದಿ ಮಡಚಿದಂತೆಯೇ ಇತ್ತು. ಹಳೆಯ ಸೀರೆಗಳನ್ನು ಸೇರಿಸಿ ಅವಳೇ ಹೊಲಿದದ್ದು. ಎಂಟು ತಿಂಗಳಿನಿಂದ ಯಾರೂ ಅದನ್ನು ಬಿಚ್ಚಿರಲಿಲ್ಲ. ನಾನು ಬಿಚ್ಚಿ ಪಾತ್ರೆಗೆ ಸುತ್ತಿದೆ. ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು. ಮತ್ತೆ ಒಂದು ಗಂಟೆಗೆ ಹಿಟ್ಟು ಎರಡರಷ್ಟಾಗಿತ್ತು.

ಅರ್ಧ ಹಿಟ್ಟು ತೆಗೆದು ಲಟ್ಟಿಸಿ, ಸ್ಟೀಲ್ ಲೋಟದಿಂದ ದುಂಡಗೆ ಕತ್ತರಿಸಿ, ಬಾಟಲಿಯ ಮುಚ್ಚಳದಿಂದ ನಡುವೆ ತೂತು ಮಾಡಿ ಕುಕ್ಕರಿಗೆ ಇಳಿಸಿದೆ. ಹೊರಬಂದವು ತಳದಲ್ಲಿ ಕಪ್ಪು, ಮೇಲೆ ಬಿಳಿ. ಒಂದು ಕೈಜಾರಿ ಕೆಳಗೆ ಬಿದ್ದಾಗ ಸದ್ದು ಕೇಳಿ ಸಹನಾ ಏನು ಒಡೆಯಿತೆಂದು ಓಡಿ ಬಂದಳು. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ನಾಲ್ಕು ಡೋನಟ್ ಕೆಟ್ಟದ್ದಕ್ಕೆ ಗಂಡಸೊಬ್ಬ ಅಷ್ಟು ಸಪ್ಪಗಾಗಬೇಕಾಗಿರಲಿಲ್ಲ ಎಂದು ನನಗೇ ಅನ್ನಿಸುತ್ತಿತ್ತು, ಆದರೂ ಏಳಲಾಗಲಿಲ್ಲ.

ಅದೇ ಹೊತ್ತಿಗೆ ಹಂಸಭಾವಿಯಿಂದ ಚಿಗವ್ವ ಬಂದಳು. ಅವ್ವನ ತಂಗಿ, ಅವ್ವ ಹೋದ ಮೇಲೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ನಮ್ಮನ್ನು ನೋಡಿ ಹೋಗುತ್ತಾಳೆ. ಕೌದಿ ಹೊದ್ದ ಪಾತ್ರೆಯನ್ನು ನೋಡಿ, "ಹಿಟ್ಟಿಗೆ ಜ್ವರ ಬಂದಾವೇನೋ?" ಎಂದಳು. ನಾನು ಮಗಳ ಹಟ, ನಿಯಮ, ಬ್ರೆಡ್ಡು, ಕುಕ್ಕರು ಎಲ್ಲವನ್ನೂ ವರದಿ ಮಾಡಿದೆ. ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೊರಗಿನವರು ಕರದು ಕೊಟ್ಟದ್ದು ನಡೀತೈತೋ ಇಲ್ಲೋ?"

"ನಡೀತೈತಿ."

"ಹಂಗಾರ ಹಿತ್ತಲದಾಗ ಮೂರು ಕಲ್ಲು ಹೂಡು. ಒಲಿ ಮನಿ ಹೊರಗ, ಕರಿಯಾಕಿ ಹೊರಗಿನಾಕಿ."

ಇಷ್ಟು ವರ್ಷ ಸಂದಿ ಹುಡುಕಿದ ನನಗೆ ಹಿತ್ತಲ ಬಾಗಿಲು ಕಂಡಿರಲಿಲ್ಲ. ಕಲ್ಲು ಹೂಡಿದೆ. ಎಣ್ಣೆ ಕಾಯಿತು. ಚಿಗವ್ವ ಒಂದು ಕಾಲು ಮಡಚಿ ಕುಳಿತಳು, ಅವ್ವನ ಹಾಗೆಯೇ. ಡೋನಟ್ ಉಬ್ಬಿ ಮೇಲೆ ಬಂತು. ಆ ವಾಸನೆ ಹಿತ್ತಲು ದಾಟಿ ಮನೆಯೊಳಗೆ ಹೋಯಿತು. ನನ್ನ ಕಣ್ಣು ತುಂಬಿತು. ಹೊಗೆಯ ಮೇಲೆ ಹಾಕಿದೆ. ಮೊದಲನೆಯದನ್ನು ಗಿರಿಜಾ ಅವ್ವನ ಫೋಟೋದ ಮುಂದೆ ಇಟ್ಟು ಬಂದಳು.

ಚಿಗವ್ವ ಎರಡನೆಯದನ್ನು ಸಕ್ಕರೆ ಪುಡಿಯಲ್ಲಿ ಹೊರಳಿಸಿ ಸಹನಾಳ ಮುಂದೆ ಹಿಡಿದಳು. "ತಗೋ ನನ್ನವ್ವಾ. ಇದಕ್ಕಂತ ಎಷ್ಟು ಹಟಾ ಮಾಡಿದ್ದಿಯಂತ?"

ಸಹನಾ ಸತ್ಯವಂತೆ. ಈ ಗುಣ ನನ್ನ ಕಡೆಯಿಂದ ಬಂದದ್ದಲ್ಲ. "ನಾ ಕೇಳೇ ಇಲ್ಲಜ್ಜಿ. ನಾ ಕೇಕ್ ಕೇಳಿದ್ದೆ. ಮನ್ಯಾಗ ಡೋನಟ್ ಮಾಡಬೇಕು ಅಂತ ಅಪ್ಪಾನ ಅಂದ" ಎಂದಳು.

ಗಿರಿಜಾ ನೆಲ ನೋಡಿದಳು; ಅವಳಿಗೆ ಮೊದಲೇ ಗೊತ್ತಿತ್ತು. ಚಿಗವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಮಗುವಿನ ಮುಂದಿದ್ದ ಕೈಯನ್ನು ನನ್ನ ಕಡೆ ತಿರುಗಿಸಿದಳು.

"ತಗೋ. ಬಿಸಿ ಐತಿ, ಊದಿಕೊಂಡು ತಿನ್ನು."

ಊದಿಕೊಂಡು ತಿಂದೆ.

ಮರುದಿನ ಕಚೇರಿಗೆ ಒಬ್ಬರು ಬಂದು ತಮ್ಮ ಮಗಳ ಹೆಸರಿನಲ್ಲಿ ಬರೆದ ಅರ್ಜಿಯೊಂದನ್ನು ಮೇಜಿನ ಮೇಲಿಟ್ಟರು. ಅಭ್ಯಾಸದಂತೆ ತಲೆಯೆತ್ತಿದೆ. ಅವರು ನನ್ನ ಕಣ್ಣು ತಪ್ಪಿಸಿ ಗೋಡೆ ನೋಡಿದರು. "ಅರ್ಜಿದಾರರು..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿ, ಕುಳಿತುಕೊಳ್ಳಿರೆಂದು ಕುರ್ಚಿ ತೋರಿಸಿದೆ.