ಊರಿಗೆಲ್ಲ ಸ್ವೆಟರ್, ಅಳತೆಗೆ ನಾನು

ನಮ್ಮ ಅಕ್ಕ ಬ್ಯಾಡಗಿಯ ಅರ್ಧ ಊರಿಗೆ ಸ್ವೆಟರ್ ತೊಡಿಸಿದವಳು. ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ತೊಡಿಸಿದ್ದಾಳೆ, ಹಾವೇರಿ ಬಸ್ಸಿನ ಕಂಡಕ್ಟರನಿಗೆ ತೊಡಿಸಿದ್ದಾಳೆ, ಪಕ್ಕದ ಮನೆಯ ಬ್ಯಾಂಕ್ ಗುಮಾಸ್ತನಿಗೆ ತೊಡಿಸಿದ್ದಾಳೆ, ಹಿತ್ತಲಲ್ಲಿ ಕಟ್ಟಿದ್ದ ಕರುವಿಗೂ ತೊಡಿಸಿದ್ದಾಳೆ. ಇವರೆಲ್ಲರ ಸ್ವೆಟರಿಗೂ ಅಳತೆ ಕೊಟ್ಟವನು ನಾನು. ನನಗೆ ಮಾತ್ರ ಒಂದೂ ಇಲ್ಲ! ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ನಿರಾಕರಿಸುವುದಿಲ್ಲ. ಆದರೆ ಬರೆದದ್ದರಲ್ಲಿ ತಪ್ಪಿದ್ದರೆ ತೋರಿಸಲಿ.

ಇದು ಹಾವೇರಿ ಇನ್ನೂ ಜಿಲ್ಲೆಯಾಗದಿದ್ದ ಕಾಲದ ಮಾತು. ನಾನು ಅಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಒಂಟಿ ಜೀವ, ಬಾಡಿಗೆ ಖೋಲಿ. ಬೆಳಗಾಗುವ ಮೊದಲೇ ಬಸ್ ನಿಲ್ದಾಣಕ್ಕೆ ಹೋಗಿ, ಪತ್ರಿಕೆಯ ಕಟ್ಟು ಬಂತೇ, ಅದರೊಳಗೆ ನನ್ನ ಸುದ್ದಿ ಬಂತೇ ಎಂದು ನೋಡುವುದು ದಿನದ ಮೊದಲ ಕೆಲಸ. ಹಾವೇರಿಯಲ್ಲಿ ಎಂಥ ಚಳಿ ಎಂದು ನಗಬೇಡಿ. ಪುಷ್ಯ ಮಾಸದಲ್ಲಿ ಆ ಬಯಲಿನ ಗಾಳಿ ಅಂಗಿಯ ಗುಂಡಿಗಳ ನಡುವೆ ದಾರಿ ಹುಡುಕಿಕೊಂಡು ಒಳಗೆ ಬರುತ್ತದೆ. ನಾನು ಹಳೆಯ ಪತ್ರಿಕೆಯನ್ನು ಮಡಚಿ ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡು ನಿಲ್ಲುತ್ತಿದ್ದೆ. ಅದೇ ಹೊತ್ತಿಗೆ ಬ್ಯಾಡಗಿಯ ಮೊದಲ ಬಸ್ಸಿನಿಂದ ಕಂಡಕ್ಟರ್ ಇಳಿಯುತ್ತಿದ್ದ. ಅವನ ಮೈಮೇಲೆ ನಮ್ಮ ಅಕ್ಕ ಹೆಣೆದ ಹಸಿರು ಸ್ವೆಟರ್!

"ಸಾಹೇಬ್ರ, ಅಕ್ಕಾರು ಹೇಳಿ ಕಳಿಸ್ಯಾರ," ಎಂದು ಅವನು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗುತ್ತಿದ್ದ. "ಐತವಾರ ನಿಮ್ಮ ಎದಿ ಬೇಕಂತ್ರಿ!"

ದೀಪಾವಳಿ ಮುಗಿದ ಮೇಲೆ ಈ ಭಾನುವಾರದ ಕರೆ ಶುರುವಾಗುತ್ತಿತ್ತು. ಒಂದು ವಾರ ಎದೆ ಬೇಕು, ಇನ್ನೊಂದು ವಾರ ತೋಳು ಬೇಕು, ಮತ್ತೊಂದು ವಾರ ಕುತ್ತಿಗೆ ಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಅಳೆದುಕೊಳ್ಳಬಾರದೇ? ಕೇಳಿದೆ. "ಹೆಣಕೋತ ಹೆಣಕೋತ ಅಳೀಬೇಕೋ ತಮ್ಮಾ. ನಿಮ್ಮ ಪೇಪರ್ ಛಾಪಿಸಿದಾಂಗಲ್ಲ ಇದು," ಎಂದಳು. ಸುದ್ದಿಮನೆಯಲ್ಲಿ ಯಾರಿಗೂ ಸೋಲದವನು ಅಲ್ಲಿ ಕೈ ಎತ್ತಿ ನಿಲ್ಲುತ್ತಿದ್ದೆ.

"ಹೆಡ್‌ಮಾಸ್ತರ್ ಸ್ವೆಟರಿಗೆ ಹೆಡ್‌ಮಾಸ್ತರನ್ನ ಅಳಿ. ನನ್ಯಾಕ ಅಳೀತಿ?"

"ಪರ ಗಂಡಸರ ಎದಿಗೆ ನಾ ಟೇಪ್ ಸುತ್ತಲೇನೋ? ಊರು ಏನಂದೀತು?"

"ಮನಿಯಾಗ ಮಾಮಾ ಇದ್ದಾರಲ್ಲ!"

ಮಾಮಾ ಎಂದರೆ ಅಕ್ಕನ ಗಂಡ. ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವರು.

"ಅವರಿಗೆಲ್ಲೀ ಅಳತಿ? ಮ್ಯಾಲೂ ಅಷ್ಟ, ಕೆಳಗೂ ಅಷ್ಟ. ಮೆಣಸಿನಕಾಯಿ ಚೀಲಕ್ಕ ಸ್ವೆಟರ್ ಹೆಣದಾಂಗ ಆಕ್ಕೈತಿ."

"ನನಗ ಕೇಳಾಕತ್ತೈತಿ," ಎಂದು ಮಾಮಾ ಪಡಸಾಲೆಯಿಂದ ಹೇಳುತ್ತಿದ್ದರು.

ಹೀಗಾಗಿ ಬ್ಯಾಡಗಿಯ ಗಂಡಸರೆಲ್ಲ ಅಕ್ಕನ ಲೆಕ್ಕದಲ್ಲಿ ನನಗಿಂತ ಹೆಚ್ಚು ಇಲ್ಲವೇ ನನಗಿಂತ ಕಡಿಮೆ. ಹೆಡ್‌ಮಾಸ್ತರ್ ನನಗಿಂತ ನಾಲ್ಕು ಬೆರಳು ಅಗಲ. ಕಂಡಕ್ಟರನ ತೋಳು ನನಗಿಂತ ಒಂದು ಗೇಣು ಉದ್ದ, ಏಕೆಂದರೆ "ದಿನಾ ಗಂಟಿ ಹಗ್ಗಾ ಜಗ್ಗತಾನಲ್ಲ!" ಇನ್ನು ಕರುವಿನ ವಿಷಯ. ಆ ವರ್ಷ ಮನೆಯ ಆಕಳು ಚಳಿಯಲ್ಲಿ ಈದಿತ್ತು, ಕರು ನಡುಗುತ್ತಿತ್ತು, ಅಕ್ಕನ ಕೈ ಸುಮ್ಮನಿರಲಿಲ್ಲ. ನಾನು ಹೋದ ಕೂಡಲೇ "ಬಗ್ಗು" ಎಂದಳು.

"ಯಾಕ?"

"ಕೈಯೂ ನೆಲಕ್ಕ ಊರು. ಬೆನ್ನಿನ ಅಳತಿ ಬೇಕು."

"ಕರಾನ್ನ ಅಳಿ!"

"ಕರಾ ನಿಂತಲ್ಲಿ ನಿಂದರಂಗಿಲ್ಲೋ. ನೀ ನಿಂದರ್ತಿ."

ನಿಂತೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನ ಗೆದ್ದವನು, ತಹಶೀಲ್ದಾರರಿಗೆ ಎದುರು ಪ್ರಶ್ನೆ ಕೇಳಿದವನು, ಹಿತ್ತಲಿನಲ್ಲಿ ನಾಲ್ಕು ಕಾಲಿನ ಮೇಲೆ ನಿಂತೆ. ಕರುವಿಗೆ ಹಳದಿ ಸ್ವೆಟರ್ ಬಂತು, ಹೊಟ್ಟೆಯ ಕೆಳಗೆ ಕಟ್ಟಲು ಲಾಡಿಯೂ ಬಂತು. ಕರು ಅದನ್ನು ಹಾಕಿಕೊಂಡು ನನ್ನನ್ನು ನೋಡಿದ ರೀತಿಯನ್ನು ನಾನಿನ್ನೂ ಮರೆತಿಲ್ಲ.

ಅಕ್ಕನಿಗೆ ಸ್ವೆಟರಿಗಿಂತ ಅದರ ವಿದ್ಯೆಯ ಮೇಲೆ ಹೆಚ್ಚು ಆಸೆ. ಪ್ರತಿ ಚಳಿಗಾಲಕ್ಕೂ ಹೊಸದೊಂದು ಕಲಿಯಬೇಕು. ಒಂದು ವರ್ಷ ಸೀದಾ-ಉಲ್ಟಾ ಚೌಕುಳಿ, ಮರುವರ್ಷ ಎರಡು ಬಣ್ಣದ ಹೆಣಿಗೆ, ಆಮೇಲೆ ಹೆರಳು ಹಾಕಿದಂತೆ ಎದೆಯ ಮೇಲೆ ಇಳಿಯುವ ಜಡೆ. ಇದಕ್ಕೆಲ್ಲ ಅವಳ ಗುರು ರಾಣೆಬೆನ್ನೂರಿನಲ್ಲಿದ್ದರು. ಅಲ್ಲಿಯ ಪೇಟೆಯಲ್ಲಿ ಉಲ್ಲನ್ ಅಂಗಡಿ ಇಟ್ಟಿದ್ದ ಮನೆಯ ಹಿರಿಯ ಹೆಂಗಸು. ಅಕ್ಕ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ನಾಲ್ಕು ಕಡ್ಡಿಯಲ್ಲಿ ಕಾಲುಚೀಲ ಹೆಣೆಯುವುದನ್ನು ಕಲಿಯುವ ವರ್ಷ ನನ್ನನ್ನೂ ರಾಣೆಬೆನ್ನೂರಿಗೆ ಎಳೆದುಕೊಂಡು ಹೋದಳು. ಯಾಕೆಂದರೆ ಪಾಠಕ್ಕೆ ಒಂದು ಪಾದ ಬೇಕಾಗಿತ್ತು!

ಅಂಗಡಿಯ ಸ್ಟೂಲಿನ ಮೇಲೆ ನನ್ನ ಬಲಗಾಲು. ಉಲ್ಲನ್ ಕೊಳ್ಳಲು ಬಂದವರೆಲ್ಲ ಅದನ್ನು ನೋಡಿಕೊಂಡೇ ಒಳಗೆ ಹೋಗುತ್ತಿದ್ದರು.

"ಬೇಟಿ, ಹಿಮ್ಮಡಿ ಬಂತಂದ್ರ ವಾಪಸ್ ತಿರಗಬೇಕು," ಎಂದರು ಖಾಲಾ. "ಅಲ್ಲಿ ತಿರಗದ ಸೀದಾ ಹೋದಿ ಅಂದ್ರ ಕಾಲುಚೀಲ ಆಗಂಗಿಲ್ಲ, ಆನಿ ಸೊಂಡಿಲ ಆಕ್ಕೈತಿ."

ಅಕ್ಕ ಮೊದಲ ಸಲ ಸೊಂಡಿಲನ್ನೇ ಹೆಣೆದಳು. ಬಿಚ್ಚಿದಳು. ಮತ್ತೆ ಹೆಣೆದಳು. ಸಂಜೆಯ ಹೊತ್ತಿಗೆ ನನ್ನ ಕಾಲು ಮರಗಟ್ಟಿತ್ತು, ಆದರೆ ಅದರ ಮೇಲೆ ಬೂದು ಬಣ್ಣದ, ಹಿಮ್ಮಡಿಗೆ ಹಿತವಾಗಿ ಕುಳಿತ ಚೆಂದದ ಕಾಲುಚೀಲವಿತ್ತು. ಇದಾದರೂ ನನ್ನದೇ ಎಂದು ಬೆರಳು ಆಡಿಸಿ ನೋಡುತ್ತಿದ್ದೆ. ಅಕ್ಕ ಅದನ್ನು ಮೆತ್ತಗೆ ಎಳೆದು ತೆಗೆದಳು. ಜೊತೆಯ ಇನ್ನೊಂದನ್ನೂ ಹೆಣೆದು ಮುಂದಿನ ವಾರ ಖಾಲಾನ ಯಜಮಾನರಿಗೆ ಕೊಟ್ಟಳು. ಗುರುದಕ್ಷಿಣೆಯಂತೆ! ಗುರುವಿಗೆ ದಕ್ಷಿಣೆ ಸರಿ, ಪಾದಕ್ಕೆ ಏನು?

ಹೊಸ ಉಲ್ಲನ್ ಸದಾ ಸಿಗುತ್ತಿರಲಿಲ್ಲ. ಆದ್ದರಿಂದ ಹೊಸ ವಿದ್ಯೆ ಬಂದಾಗಲೆಲ್ಲ ಮನೆಯಲ್ಲಿದ್ದ ಹಳೆಯ ಸ್ವೆಟರ್ ಬಿಚ್ಚುವುದು ಅಕ್ಕನ ಪದ್ಧತಿ. ಬಿಚ್ಚಿದ ನೂಲನ್ನು ತೊಳೆದು, ಸುಕ್ಕು ಹೋಗಲೆಂದು ತುದಿಗೆ ಭಾರ ಕಟ್ಟಿ ಒಣಗಿಸಿ, ಉಂಡೆ ಮಾಡಿ ಮತ್ತೆ ಹೆಣೆಯುತ್ತಿದ್ದಳು. ಹೆಚ್ಚಾಗಿ ಬಲಿಯಾಗುತ್ತಿದ್ದದ್ದು ಮಾಮಾನ ಸ್ವೆಟರ್. ಅದೊಂದನ್ನು ಬಿಚ್ಚಿದರೆ ಬೇರೆಯವರಿಗೆ ಒಂದು ಸ್ವೆಟರ್, ಜೊತೆಗೆ ಒಂದು ಟೊಪ್ಪಿಗೆ ಆಗುತ್ತಿತ್ತು. ಒಂದು ವರ್ಷ ಮಾಮಾ ತಮ್ಮ ಕೆಂಪು ಸ್ವೆಟರನ್ನು ಯಾರಿಗೂ ಹೇಳದೆ ಅಂಗಡಿಗೆ ಒಯ್ದು ಖಾಲಿ ಮೆಣಸಿನಕಾಯಿ ಚೀಲದಲ್ಲಿ ಬಚ್ಚಿಟ್ಟರು. ಬ್ಯಾಡಗಿಯಲ್ಲಿ ಅಕ್ಕನ ಕಣ್ಣು ತಪ್ಪಿಸಿ ಏನನ್ನಾದರೂ ಇಡುವುದುಂಟೇ? ಹುಡುಕಿ ತಂದಳು. ಗಣರಾಜ್ಯೋತ್ಸವ ಹತ್ತಿರ ಬಂದಿತ್ತು, ಹೆಡ್‌ಮಾಸ್ತರರು ಧ್ವಜವಂದನೆಗೆ ಹೊಸ ಸ್ವೆಟರಿನಲ್ಲಿ ನಿಲ್ಲಬೇಕಿತ್ತು. ತೊಳೆಯಲು ಪುರುಸೊತ್ತಿರಲಿಲ್ಲ. ಬಿಚ್ಚಿದ್ದನ್ನು ಹಾಗೆಯೇ ಹೆಣೆದುಬಿಟ್ಟಳು.

ಆ ದಿನ ನಾನು ಅಲ್ಲಿದ್ದೆ. ಹೆಡ್‌ಮಾಸ್ತರರು ಭಾಷಣಕ್ಕೆ ನಿಂತರು. ಬಿಸಿಲೇರಿತು, ಮೈ ಬೆವೆತಿತು, ಕೆಂಪು ಸ್ವೆಟರಿನೊಳಗಿನ ಮೆಣಸಿನಕಾಯಿ ಧೂಳು ಎಚ್ಚೆತ್ತಿತು. "ಪ್ರಿಯ ವಿದ್ಯಾರ್ಥಿಗಳೇ" ಎನ್ನುವಾಗ ಕುತ್ತಿಗೆ ಕೆಂಪಾಯಿತು. "ನಮ್ಮ ಹಿರಿಯರ ತ್ಯಾಗ" ಎನ್ನುವಾಗ ಕಣ್ಣಿನಿಂದ ನೀರು ಧಾರಾಕಾರ. ದನಿ ಬಿಗಿಯಿತು, ಮೂಗು ಸುರಿಯಿತು, ಮಾತು ಮುಂದೆ ಹೋಗಲಿಲ್ಲ. ಮಕ್ಕಳು ದಂಗಾಗಿ ನಿಂತರು, ಹಿಂದಿನ ಸಾಲಿನ ಹಿರಿಯರೊಬ್ಬರು ತಾವೂ ಕಣ್ಣು ಒರೆಸಿಕೊಂಡರು. ಸ್ವಾತಂತ್ರ್ಯ ಹೋರಾಟದ ನೆನಪಿಗೆ ಇಷ್ಟು ಕರಗಿದ ಮನುಷ್ಯನನ್ನು ಬ್ಯಾಡಗಿ ಅಲ್ಲಿಯವರೆಗೆ ನೋಡಿರಲಿಲ್ಲ. "ಮುಖ್ಯೋಪಾಧ್ಯಾಯರು ಮಾತನಾಡುತ್ತ ಕಣ್ಣೀರು ಹಾಕಿದರು" ಎಂದು ನಾನು ವರದಿ ಕಳಿಸಿದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕಾರಣ ಬರೆಯಲು ಜಾಗವಿರಲಿಲ್ಲ, ಅಷ್ಟೇ. ಆ ಸ್ವೆಟರ್ ನನಗೆ ಸಿಗಲಿಲ್ಲವೆಂದು ಹೊಟ್ಟೆ ಉರಿಯದಿದ್ದದ್ದು ಅದೊಂದೇ ಸಲ.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಅಕ್ಕನ ಪಕ್ಕದ ಮನೆಗೆ ಮಂಗಳೂರಿನ ಕಡೆಯ ಒಬ್ಬ ಬ್ಯಾಂಕ್ ಗುಮಾಸ್ತ ಬಾಡಿಗೆಗೆ ಬಂದ. ಸಮುದ್ರದ ಸೆಕೆಯಲ್ಲಿ ಬೆಳೆದವನು, ನಮ್ಮ ಊರಿನ ಚಳಿಗೆ ಹಲ್ಲು ಕಟಕಟಿಸುತ್ತಿದ್ದ. ಅವನಿಗೆ ಅಕ್ಕ ಹೆಣೆದದ್ದು ಅವಳ ಕೈಯಿಂದ ಅದುವರೆಗೆ ಬಂದ ಎಲ್ಲಕ್ಕಿಂತ ಉತ್ತಮವಾದದ್ದು: ನೇರಳೆ ಬಣ್ಣ, ಎದೆಯ ಮೇಲೆ ಎರಡು ಜಡೆ, ಕುತ್ತಿಗೆ ಮಡಚಿ ಹಾಕುವಂಥದು. ಅವನು ಅದನ್ನು ಹಾಕಿಕೊಂಡು ಹಾವೇರಿಯಲ್ಲಿ ನನ್ನನ್ನು ಹುಡುಕಿಕೊಂಡು ಬಂದ.

"ನಿಮ್ಮ ಅಕ್ಕ ಎಂಥ ದೊಡ್ಡ ಮನಸ್ಸಿನವರು ಮಾರಾಯ್ರೇ! ನನಗೂ ಇನ್ನು ಅವರು ಅಕ್ಕನೇ. ನೋಡಿ, ಅಳತೆಯೇ ತೆಗೆಯದೆ ಎಷ್ಟು ಸರಿಯಾಗಿ ಕೂತಿದೆ!"

ಕೂರದೇ ಏನು? ಅವನ ಮೈಮೇಲಿದ್ದದ್ದು ನನ್ನ ಭುಜ, ನನ್ನ ಬೆನ್ನು, ನಾನು ಮೂರು ಭಾನುವಾರ ಕೈ ಎತ್ತಿ ನಿಂತ ಫಲ! ಈಗ ಅಕ್ಕನನ್ನೂ ಪಾಲು ಕೇಳುತ್ತಿದ್ದಾನೆ! ನಾನು ಅವನಿಗೆ ಚಹಾ ಕೊಡಿಸಿದೆ. ಸಭ್ಯತೆ ಬೇರೆ, ಸಂಕಟ ಬೇರೆ.

ಮುಂದಿನ ಭಾನುವಾರ ಬ್ಯಾಡಗಿಗೆ ಹೋಗಲಿಲ್ಲ. ಅದರ ಮರುವಾರವೂ ಹೋಗಲಿಲ್ಲ. ಕಂಡಕ್ಟರ್ ದಿನಾ ಕೇಳತೊಡಗಿದ: "ಸಾಹೇಬ್ರ, ತೋಳು ಯಾವಾಗ ಬರತಾವ ಅಂತ ಕೇಳ್ಯಾರ." ಕೊನೆಗೆ, "ಅಕ್ಕಾರು ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ರರೀ, ಎರಡ ಬಸ್ ನೋಡಿ ಮನಿಗೆ ಹೋದ್ರು," ಎಂದ. ಹೋದೆ. ಹೋದವನು ಚಪ್ಪಲಿ ಬಿಡುವ ಮೊದಲೇ ಕೇಳಿಬಿಟ್ಟೆ.

"ಅಕ್ಕಾ, ನನಗ್ಯಾವಾಗ ಹೆಣೀತಿ?"

"ನಿನಗ ಹೊಸಾ ಡಿಸೈನ್ ಬರ್ಲಿ ಅಂತ ಬಿಟ್ಟೇನಿ. ಕೈ ಎತ್ತು."

"ಕರಾಕ್ಕ ಹೊಸಾ ಡಿಸೈನ್ ಬಂದಿತ್ತೇನು?"

"ಅದು ಮೂಕ ಪ್ರಾಣಿ. ನೀ ಮಾತಾಡೂ ಪ್ರಾಣಿ, ತಡಕೋ."

ಮಾಮಾ ನನ್ನ ಪರವಾಗಿ ಒಂದು ಮಾತು ಆಡಿಯಾರು ಎಂದು ನೋಡಿದೆ. ಅವರು ಬರಿ ಬನಿಯನ್ನಿನಲ್ಲಿ ಕೂತಿದ್ದರು. ಅವರ ಸ್ವೆಟರನ್ನು ಹಿಂದಿನ ವಾರವಷ್ಟೇ ಬಿಚ್ಚಲಾಗಿತ್ತು.

ಮರುವರ್ಷ ದೀಪಾವಳಿ ಕಳೆದು ಕೆಲವು ದಿನಗಳಲ್ಲಿ ಪತ್ರಿಕೆಯವರು ನನ್ನನ್ನು ಬೀದರಿಗೆ ವರ್ಗ ಮಾಡಿದರು. ಬ್ಯಾಡಗಿಗೆ ಹೋಗಿ ಹೇಳಿದೆ. "ಬೀದರ ಅಂದ್ರ ಭಾಳ ದೂರ ಅಲ್ಲೇನೋ?" ಎಂದು ಕೇಳಿದಳು. ರಾತ್ರಿ ಹತ್ತಿದರೆ ಬೆಳಗಾದರೂ ಮುಟ್ಟದ ಊರು ಎಂದೆ. ಅವತ್ತು ಅಳತೆಯ ಮಾತೇ ಬರಲಿಲ್ಲ.

ಹೊರಡುವ ಮುಂಚಿನ ಭಾನುವಾರ ಕಂಡಕ್ಟರನ ಕರೆ ಬಂತು. ಈ ಸಲ ಎದೆಯೂ ಬೇಡ, ತೋಳೂ ಬೇಡ, ಸುಮ್ಮನೆ ಬಾ ಅಂತಷ್ಟೇ. ಹೋದವನು ರೂಢಿಯಂತೆ ಪಡಸಾಲೆಯ ನಡುವೆ ಕೈ ಎತ್ತಿ ನಿಂತೆ. ಅಕ್ಕನ ಕೈಯಲ್ಲಿ ಟೇಪ್ ಇರಲಿಲ್ಲ, ಮಡಚಿದ ಸ್ವೆಟರ್ ಇತ್ತು.

"ಹಾಕ್ಕೋ. ನಿನಗ."

ಕಡುನೀಲಿ ಬಣ್ಣ. ಜಡೆ ಇಲ್ಲ, ಚೌಕುಳಿ ಇಲ್ಲ, ಎರಡನೆಯ ಬಣ್ಣದ ಒಂದು ಎಳೆಯೂ ಇಲ್ಲ. ಹೊಸ ವಿದ್ಯೆಯಿಲ್ಲದೆ ಕಡ್ಡಿ ಮುಟ್ಟದವಳು ಪೂರ್ತಿ ಸಾದಾ ಹೆಣೆದಿದ್ದಳು. "ಡಿಸೈನ್ ಮಾಡ್ಕೋತ ಕುಂತಿದ್ರ ನೀ ಹೋಗೂದ್ರಾಗ ಮುಗೀತಿರಲಿಲ್ಲ," ಎಂದಳು. ತೊಟ್ಟೆ. ಭುಜ ಭುಜದಲ್ಲಿ ಕೂತಿತು, ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು.

"ಅಳತಿ ಯಾವಾಗ ತಗೊಂಡಿ?"

"ನಿನ್ನ ಅಳತಿ ನನಗ ಗೊತ್ತಿಲ್ಲೇನೋ?"

ಮಾಮಾ ಓದುತ್ತಿದ್ದ ಪತ್ರಿಕೆ ಕೆಳಗಿಳಿಯಿತು. "ಗೊತ್ತಿದ್ದ ಮ್ಯಾಲೆ ವಾರಾ ವಾರಾ ಯಾಕ ಕರಸ್ತಿದ್ದಿ ಪಾಪ ಅಂವನ್ನ?"

"ಅಳತಿ ಅಂದ್ರ ಬರತಿದ್ದ," ಎಂದಳು ಅಕ್ಕ. "ಸುಮ್ಮನ ಬಾ ಅಂದ್ರ ಪೇಪರ್ ಕೆಲಸ ಐತಿ ಅಂತಿದ್ದ. ಅಂವಗ ಒಂದು ಹೆಣದು ಕೊಟ್ಟಬಿಟ್ಟಿದ್ರ ಅಳತಿ ಮುಗೀತಿತ್ತಲ್ಲ." ಎಂದವಳೇ ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಅವ್ವ ತೀರಿಕೊಂಡ ಮೇಲೆ ಅಕ್ಕನ ತವರಿನ ಕಡೆಯಿಂದ ಉಳಿದವನು ನಾನೊಬ್ಬನೇ. ನಾನು ಪಡಸಾಲೆಯಲ್ಲಿ ನಿಂತು ತೋಳಿನ ತುದಿ ನೋಡಿಕೊಂಡೆ. ಎಳ್ಳಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

"ಅಕ್ಕಾ," ಎಂದು ಕೂಗಿದೆ, "ತೋಳು ಗಿಡ್ಡ ಆಗೈತಿ."

ಬಂದಳು. ತೋಳಿನ ಅಂಚು ಹಿಡಿದಳು, ಮಣಿಕಟ್ಟು ನೋಡಿದಳು, ನನ್ನ ಮುಖ ನೋಡಿದಳು. ಊರಿಗೆಲ್ಲ ತೋಳು ಹೆಣೆದವಳಿಗೆ ಗಿಡ್ಡ ಯಾವುದು, ಸರಿ ಯಾವುದು ಎಂದು ಯಾರು ಹೇಳಿಕೊಡಬೇಕು?

"ಖರೇನ?"

"ಖರೇ. ಎರಡೂ ತೋಳು. ಕುತ್ತಿಗಿನೂ ಬಿಗಿ ಐತಿ."

"ಹಂಗಾರ ತಗೀ," ಎಂದಳು. ಕಿಟಕಿಯ ಬಳಿ ಕೂತು ಬಲತೋಳಿನ ಹೊಲಿಗೆ ಕತ್ತರಿಸಿ ನೂಲು ಎಳೆಯತೊಡಗಿದಳು. ತಲೆ ಎತ್ತಲಿಲ್ಲ. "ಬೀದರದಿಂದ ಬರಬೇಕಾಕ್ಕೈತಿ ನೋಡು. ಹೆಣಕೋತ ಹೆಣಕೋತ ಅಳೀಬೇಕು."

"ಬರ್ತೀನಿ."

ಬೀದರಿಗೆ ಸ್ವೆಟರ್ ಇಲ್ಲದೆಯೇ ಹೋದೆ. ಸಂಕ್ರಾಂತಿಗೆ ಬಲತೋಳಿನ ಅಳತೆಗೆ ಬಂದೆ. ಎಡತೋಳಿಗೆ ಯುಗಾದಿಗೆ ಬಾ ಅಂದಳು.