ಬೈಯದ ದನದ ಡಾಕ್ಟರು

ನಾನು ಬೈಯುವವನು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಹುಟ್ಟಾ ಬೈಯುವವರು, ಸಿಟ್ಟು ಬಂದಾಗ ಮಾತ್ರ ಬೈಯುವವರು ಎಂದು ಜನರಲ್ಲಿ ಎರಡು ಬಗೆ ಇರಬಹುದು. ನಾನು ಮೂರನೆಯ ಬಗೆ, ಕೆಲಸಕ್ಕಾಗಿ ಬೈಯಲು ಕಲಿತವನು. ಮಂಡ್ಯ ಸೀಮೆಯಲ್ಲಿ ಹದಿನೆಂಟು ವರ್ಷದಿಂದ ದನದ ಡಾಕ್ಟರಾಗಿದ್ದೇನೆ. ಥರ್ಮಾಮೀಟರು ಮರೆತು ಹಳ್ಳಿಗೆ ಹೋದ ದಿನವೂ ನನ್ನ ಕೆಲಸ ನಡೆದಿದೆ, ಬೈಯುವುದನ್ನು ಮರೆತ ದಿನ ನಡೆದಿಲ್ಲ.

ಕಾಲೇಜಿನಿಂದ ಹೊರಬಂದಾಗ ನಾನೂ ಸಾಧುವೇ ಆಗಿದ್ದೆ. ಮೊದಲ ಪೋಸ್ಟಿಂಗು ಮಳವಳ್ಳಿ ಕಡೆಯ ಒಂದು ಹಳ್ಳಿ. ಎಮ್ಮೆ ಹಿಡಿದುಕೊಂಡು ಬಂದ ಮೊದಲ ರೈತನಿಗೆ ಕುರ್ಚಿ ತೋರಿಸಿ, 'ಕೂತ್ಕೊಳ್ಳಿ, ಏನು ತೊಂದರೆ ಹೇಳಿ' ಎಂದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಕಾಂಪೌಂಡ್ರೇ, ಡಾಕ್ಟ್ರು ಎಷ್ಟೊತ್ಗೆ ಬತ್ತಾರೆ?' ಎಂದ. ಒಂದು ತಿಂಗಳು ಹೀಗೇ ನಡೆಯಿತು. ಕೊನೆಗೊಂದು ದಿನ ತಲೆಕೆಟ್ಟು ಒಬ್ಬನಿಗೆ, 'ಮೂರು ದಿನದಿಂದ ಮೇವು ಮುಟ್ಟಿಲ್ಲ ಅಂತೀಯ, ಇವತ್ತು ಬಂದಿದೀಯ, ತಲೆ ಒಳಗೆ ಬೂಸ ತುಂಬ್ಕಂಡಿದೀಯೇನಯ್ಯ? ಇನ್ನೊಂದು ದಿನ ಬುಟ್ಟಿದ್ರೆ ನನ್ನನ್ನ ತಿಥಿಗೇ ಕರೀಬೋದಾಗಿತ್ತು' ಎಂದುಬಿಟ್ಟೆ. ಅವನ ಮುಖ ಅರಳಿತು. ಹೊರಗೆ ನಿಂತಿದ್ದವರಿಗೆ, 'ಒಳ್ಳೆ ಡಾಕ್ಟ್ರು ಕಣ್ಲಾ, ಚೆನ್ನಾಗ್ ನೋಡ್ತಾರೆ' ಎಂದು ಹೇಳಿ ಬಂದ. ನಾನು ಅವನ ಎಮ್ಮೆಯನ್ನು ಇನ್ನೂ ಮುಟ್ಟಿಯೇ ಇರಲಿಲ್ಲ. ಅಂದು ನನಗೆ ಜ್ಞಾನೋದಯವಾಯಿತು. ನಮ್ಮ ಕಡೆ ಬೈಗುಳವೆಂದರೆ, 'ನಿನ್ನ ದನ ಬದುಕುತ್ತೆ, ಹೆದರಬೇಡ' ಎಂದು ಡಾಕ್ಟರು ಬರೆದುಕೊಡುವ ಚೀಟಿ.

ಇಂಥ ನನಗೆ ನ್ಯೂಜಿಲೆಂಡಿನಲ್ಲಿ ದನದ ಡಾಕ್ಟರಾಗುವ ಯೋಗ ಬಂತು. ಯೋಗ ತಂದವಳು ನನ್ನ ಹೆಂಡತಿ ಸವಿತಾ. ಅವಳು ನರ್ಸು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ, ಮಗಳು ಚಿನ್ಮಯಿಯನ್ನೂ ಕರೆದುಕೊಂಡು ಹೋಗಿ ಎರಡು ವರ್ಷವಾಗುತ್ತ ಬಂದಿದೆ. ನಾನು ಹಿಂದಿನಿಂದಲೇ ಹೋಗುವುದೆಂದು ಮಾತಾಗಿತ್ತು. ಅಲ್ಲಿ ಮನುಷ್ಯರಿಗಿಂತ ದನ, ಕುರಿ ಜಾಸ್ತಿಯಂತೆ, ವಿಮಾನ ಇಳಿಯುತ್ತಿದ್ದಂತೆ ಯಾರಾದರೂ ಹಗ್ಗ ಹಿಡಿದು ಎದುರುಗೊಳ್ಳುತ್ತಾರೆ ಎಂದುಕೊಂಡಿದ್ದೆ. ಆದರೆ ನನ್ನ ಡಿಗ್ರಿ ಅವರ ಲೆಕ್ಕದಲ್ಲಿ ಪರದೇಶದ್ದು. ಮಂಡ್ಯದ ಹಸುವಿಗೂ ಅಲ್ಲಿನ ಹಸುವಿಗೂ ಹೊಟ್ಟೆಯ ಕೋಣೆ ನಾಲ್ಕೇ ಆದರೂ, ಅದು ನನಗೆ ಗೊತ್ತು ಎನ್ನುವುದನ್ನು ಅವರು ಒಪ್ಪಬೇಕು. ಒಪ್ಪುವವರೆಗೆ ನಾನು ಅಲ್ಲಿಗೆ ಹೋದರೂ ನಾಯಿ ಗೂಡು ತೊಳೆಯಬಹುದೇ ಹೊರತು ನಾಯಿಗೆ ಒಂದು ಇಂಜೆಕ್ಷನ್ ಕೊಡುವಂತಿಲ್ಲ.

ಒಪ್ಪಿಸುವುದಕ್ಕೆ ಕಳಿಸಿದ ಕಾಗದಪತ್ರ ತೂಗಿದ್ದರೆ ಒಂದು ಕರುವಿನ ತೂಕ ಬರುತ್ತಿತ್ತು. ನಾನು ಓದಿದ್ದು ನಿಜ ಎಂದು ಒಬ್ಬರು, ಓದಿದವನು ನಾನೇ ಎಂದು ಇನ್ನೊಬ್ಬರು, ಓದಿದ ಮೇಲೆ ಯಾರಿಗೂ ಮೋಸ ಮಾಡಿಲ್ಲ ಎಂದು ಮತ್ತೊಬ್ಬರು ಬರೆದುಕೊಡಬೇಕು. ಅವರ ಫಾರಮ್ಮಿನಲ್ಲಿ ಮನೆತನದ ಹೆಸರು ಬರೆಯಲು ಒಂದು ಖಾನೆ ಇತ್ತು. ನಾನು ಎಚ್. ಸಿ. ಶಿವಲಿಂಗ. ಮನೆತನದ ಹೆಸರು ಅಂತ ನಮ್ಮಪ್ಪನಿಗೂ ಇರಲಿಲ್ಲ, ಅವರಪ್ಪನಿಗೂ ಇರಲಿಲ್ಲ. ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೇ ಹೋಗುವುದಿಲ್ಲ. ಸರಿ, 'ಎಚ್' ಅಂದರೆ ನಮ್ಮೂರು ಹೊಳಲು, ಅದನ್ನೇ ಬರೆದೆ. ಅಂದಿನಿಂದ ನನಗೆ ಬರುವ ಕಾಗದವೆಲ್ಲ 'ಡಿಯರ್ ಡಾಕ್ಟರ್ ಹೊಳಲು' ಎಂದೇ ಶುರುವಾಗುತ್ತಿತ್ತು. ಇಡೀ ಊರಿಗೆ ನಮಸ್ಕಾರ ಹೇಳಿ ಪತ್ರ ಬರೆದಂತೆ ಕಾಣುತ್ತಿದ್ದರಿಂದ ನನಗೂ ಖುಷಿಯೇ ಆಯಿತು.

ಓದಿನ ಪರೀಕ್ಷೆಯನ್ನು ನಾನು ಮೊದಲ ಸಲವೇ ಪಾಸು ಮಾಡಿದೆ. ಬೆಕ್ಕಿನ ಹಲ್ಲು, ಕುದುರೆಯ ಗೊರಸು, ಜನ್ಮದಲ್ಲಿ ಕಂಡಿರದ ಪ್ರಾಣಿಗಳ ಬಸಿರು, ಎಲ್ಲವನ್ನೂ ಉರು ಹೊಡೆದಿದ್ದೆ. ಸಿಕ್ಕಿಹಾಕಿಕೊಂಡದ್ದು ಇಂಗ್ಲಿಷಿನಲ್ಲಿ. ಎರಡು ವರ್ಷದೊಳಗೆ ಇಂಗ್ಲಿಷಿನ ಸರ್ಟಿಫಿಕೇಟು ಕಳಿಸದಿದ್ದರೆ ಓದಿನ ಪಾಸು ಕೂಡ ರದ್ದು, ಮತ್ತೆ ಬೆಕ್ಕಿನ ಹಲ್ಲಿನಿಂದ ಶುರು. ಈ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದು ನಾಟಕವಿದೆ. ಕೈಗೆ ಒಂದು ಚೀಟಿ ಕೊಡುತ್ತಾರೆ. ಎದುರಿಗೆ ಕೂತವರು ಪ್ರಾಣಿಯ ಮಾಲೀಕರಂತೆ ನಟಿಸುತ್ತಾರೆ. ಪ್ರಾಣಿ ಇರುವುದಿಲ್ಲ. ನಾವು ಡಾಕ್ಟರಾಗಿ ಮಾತಾಡಬೇಕು, ಅಷ್ಟೆ. ಅದನ್ನು ಹದಿನೆಂಟು ವರ್ಷದಿಂದ ಮಾಡುತ್ತಿದ್ದೇನೆ, ಅದಕ್ಕೇನು ತಯಾರಿ ಎಂದು ಬೆಂಗಳೂರಿನ ರೈಲು ಹತ್ತಿ, ಮದ್ದೂರು ದಾಟುವ ಹೊತ್ತಿಗೆ ನಿದ್ದೆಯನ್ನೂ ಮಾಡಿಬಿಟ್ಟೆ.

ನನ್ನ ಚೀಟಿಯಲ್ಲಿದ್ದದ್ದು ಒಂದು ದಪ್ಪ ನಾಯಿ. ಅದಕ್ಕೆ ಬಿಸ್ಕತ್ತು ಹಾಕುವುದನ್ನು ನಿಲ್ಲಿಸಿ ಎಂದು ಹೇಳಬೇಕು. ಎದುರಿಗಿದ್ದ ಹೆಂಗಸು, 'ಏನು ಮಾಡಲಿ ಡಾಕ್ಟರೇ, ಅದು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೆ' ಎಂದರು. ನಾನು ಒಂದೂ ವ್ಯಾಕರಣದ ತಪ್ಪಿಲ್ಲದ ಇಂಗ್ಲಿಷಿನಲ್ಲಿ, 'ಅದು ನೋಡುತ್ತೆ ಸರಿ, ನಿಮಗೆ ಬುದ್ಧಿ ಎಲ್ಲಿ ಹೋಗಿತ್ತಮ್ಮ? ಹೀಗೇ ಹಾಕ್ತಾ ಇರಿ, ಇನ್ನಾರು ತಿಂಗಳಿಗೆ ಗುಂಡಿ ತೋಡೋಕೆ ಜಾಗ ನೋಡ್ಕೊಳ್ಳಿ' ಎಂದೆ. ಇಲ್ಲದ ನಾಯಿಯ ಬಗ್ಗೆ ನನಗೆ ಅಷ್ಟು ಕಾಳಜಿ ಉಕ್ಕಿತ್ತು. ಆಕೆ ಗಡಿಯಾರ ನೋಡಿಕೊಂಡರು. ಫಲಿತಾಂಶದಲ್ಲಿ ಉಚ್ಚಾರಣೆಗೆ, ವ್ಯಾಕರಣಕ್ಕೆ ಒಳ್ಳೆಯ ಅಂಕವಿತ್ತು. ಮಾಲೀಕರ ಭಾವನೆಗೆ ಸ್ಪಂದಿಸುವ ಕಡೆ ಇದ್ದ ಅಂಕವನ್ನು ಇಲ್ಲಿ ಬರೆಯುವಷ್ಟು ನಾನು ಇನ್ನೂ ಲಜ್ಜೆಗೆಟ್ಟಿಲ್ಲ.

ಸವಿತಾಗೆ ಫೋನು ಮಾಡಿದೆ. ನನ್ನ ಮಧ್ಯಾಹ್ನದ ಊಟದ ಹೊತ್ತು ಅವಳ ಕೆಲಸ ಮುಗಿದ ಹೊತ್ತು. 'ನೀವು ಆಯಮ್ಮನ್ನ ಬೈದ್ರಾ? ಪರೀಕ್ಷೆಲಿ ಬೈದ್ರಾ? ನಿಮ್ಗೇನ್ ಬಂದಿತ್ತು ದೊಡ್ರೋಗ?' ಎಂದು ಕಾಲು ಗಂಟೆ ನನಗೆ ಪಾಠ ಹೇಳಿದಳು. ಅವಳ ಕಷ್ಟ ಬೇರೆ. ಇಡೀ ದಿನ ರೋಗಿಗಳಿಗೆ 'ಸಾರಿ, ಸಾರಿ' ಎಂದು ನಾಲಿಗೆ ಸವೆದುಹೋಗಿರುತ್ತದಂತೆ. ನನ್ನನ್ನು ಒಂದು ಸುತ್ತು ಬೈದರೇನೇ ಅವಳಿಗೆ ಊಟ ಸೇರುವುದು. ಕೊನೆಯಲ್ಲಿ, 'ಇನ್ನೊಂದ್ಸಲ ಬರೀರಿ. ಅದೂ ಆಗ್ಲಿಲ್ಲ ಅಂದ್ರೆ ನಾನೇ ಕೆಲ್ಸ ಬುಟ್ಟು ಮಗೀನ ಕರ್ಕಂಡು ಬತ್ತೀನಿ. ಇಂಗೆ ಇಬ್ಬಾಗವಾಗಿ ಇರಕ್ಕೆ ನನ್ ಕೈಲಿ ಆಗದಿಲ್ಲ' ಎಂದಳು. ಅವಳು ಆ ಕೆಲಸಕ್ಕೆ ಎಷ್ಟು ಒದ್ದಾಡಿದ್ದಳೆಂದು ನನಗೆ ಗೊತ್ತು. ನನ್ನ ಬಾಯಿಯ ದೆಸೆಯಿಂದ ಅವಳು ಅದನ್ನು ಬಿಟ್ಟು ಬರುವಂತಾಗಬಾರದು.

ಮಂಡ್ಯದಲ್ಲಿ ಶೈಲಜಾ ಮೇಡಂ ಎಂಬ ನಿವೃತ್ತ ಇಂಗ್ಲಿಷ್ ಲೆಕ್ಚರರ್ ಇದ್ದಾರೆ. ಅವರ ಮನೆಗೆ ಪಾಠಕ್ಕೆ ಹೋದೆ. ಅವರು ಜೀವನದಲ್ಲಿ ನಾಯಿ ಸಾಕಿದವರಲ್ಲ, ಆದರೂ ನನಗಾಗಿ ನಾಯಿಯ ಒಡತಿಯಾಗಿ ದಿನಾ ಒಂದು ಗಂಟೆ ಕಣ್ಣೊರೆಸಿಕೊಳ್ಳುತ್ತಿದ್ದರು. 'ಮೊದಲು ಅವರ ಮನಸ್ಸಿನ ನೋವು ನಿಮಗೆ ತಿಳೀತು ಅನ್ನಿ. ಆಮೇಲೆ ಅವರ ಅನುಮತಿ ಕೇಳಿ. ಆಮೇಲೆ ಕಾಯಿಲೆ ಹೇಳಿ' ಎಂದರು. ಕೊಟ್ಟಿಗೆಗೆ ನುಗ್ಗಿ ಬಾಲ ಎತ್ತಿ ಅಭ್ಯಾಸವಾದವನು ಯಾರ ಅನುಮತಿ ಕೇಳಲಿ? ವಾರ ಕಳೆದರೂ ನಾಲಿಗೆ ಹೊರಳಲಿಲ್ಲ. ಮೇಡಂ ಸೋತು, 'ನೋಡಿ ಶಿವಲಿಂಗ ಅವರೇ, ನಿಮಗೆ ಬರದೇ ಇರೋದು ಇಂಗ್ಲಿಷಲ್ಲ. ಕನ್ನಡದಲ್ಲೇ ನಿಮಗಿದು ಬರಲ್ಲ. ಮೊದಲು ನಿಮ್ಮ ರೈತರ ಹತ್ತಿರ ಕನ್ನಡದಲ್ಲಿ ಮಾತಾಡಿ ಕಲೀರಿ' ಎಂದು ಕಳಿಸಿದರು.

ಈಗ ನಾನಿರುವುದು ಬಸರಾಳಿನ ಪಶು ಆಸ್ಪತ್ರೆಯಲ್ಲಿ. ಮಾರನೆಯ ದಿನವೇ ನಿಂಗೇಗೌಡರ ಮನೆಯಿಂದ ಕರೆ ಬಂತು. ಗೃಹಪ್ರವೇಶದ ಮನೆಯಲ್ಲಿ ಉಳಿದ ಅನ್ನ, ಪಾಯಸವನ್ನು ಅವರ ಹೆಂಡತಿ ತಾಯಮ್ಮ ಹಾಳಾಗಬಾರದೆಂದು ತಂದು ಸೀಮೆಹಸುವಿಗೆ ಸುರಿದಿದ್ದರು. ಹಸು ಹೊಟ್ಟೆ ಕೆಟ್ಟು, ಮೆಲುಕು ನಿಲ್ಲಿಸಿ ನಿಂತಿತ್ತು. ಇದು ನಾನು ವಾರಕ್ಕೆರಡು ನೋಡುವ ಕೇಸು, ಅದಕ್ಕೆ ಇಂತಿಂಥದೇ ಬೈಗುಳ ಎಂದು ಗೊತ್ತುಮಾಡಿಟ್ಟುಕೊಂಡಿದ್ದೇನೆ. ದಂಪತಿಗಳೂ ಅದನ್ನು ಕೇಳಲು ತಲೆ ತಗ್ಗಿಸಿಕೊಂಡು ಸಿದ್ಧವಾಗಿ ನಿಂತಿದ್ದರು. ನಾನು ಒಂದು ಉಸಿರು ತೆಗೆದುಕೊಂಡು, ಮೇಡಂ ಹೇಳಿಕೊಟ್ಟ ದನಿಯಲ್ಲಿ, 'ತಾಯಮ್ಮೋರೇ, ಈ ಹಸುನ ನೀವು ಎಷ್ಟು ಪ್ರೀತಿಯಿಂದ ಸಾಕಿದೀರಿ ಅಂತ ನನಗೆ ಕಾಣ್ತಾ ಇದೆ. ಈಗ ನಿಮ್ಮ ಮನಸ್ಸಿಗೆ ಎಷ್ಟು ನೋವಾಗಿದೆಯೋ, ಅದೂ ಅರ್ಥ ಆಗುತ್ತೆ. ನಾನು ಇದನ್ನ ಒಂದ್ಸಲ ಮುಟ್ಟಿ ನೋಡಬಹುದಾ?' ಎಂದೆ.

ತಾಯಮ್ಮ ಗೋಡೆ ಹಿಡಿದುಕೊಂಡು ಕುಸಿದು ಕೂತರು. ನಿಂಗೇಗೌಡರು ಬಿಳಿಚಿಕೊಂಡು, 'ಯಾಕ್ ಸಾ ಅಂಗಂತೀರಿ? ನಮ್ದು ತಪ್ಪಾಯ್ತು. ಬಯ್ಯಿ ಸಾ. ಒಂದ್ ಮಾತು ಬಯ್ದ್ಬುಡಿ' ಎಂದು ಕೈ ಮುಗಿದರು. ಪರೀಕ್ಷೆ ನೆನಪಾಗಿ ನಾನು ಇನ್ನಷ್ಟು ಮೆತ್ತಗಾಗಿ, 'ನಿಮ್ಮ ಗಾಬರಿ ಸಹಜ' ಎಂದೆ. ಬೇಲಿಯಾಚೆಯಿಂದ ಇಣುಕುತ್ತಿದ್ದವನೊಬ್ಬ ತನ್ನ ಪಕ್ಕದವನಿಗೆ, 'ಡಾಕ್ಟ್ರು ಕೇಳ್ಕಂಡು ಮುಟ್ತಾವ್ರೆ ಅಂದ್ರೆ ಕೈ ಮೀರೋಗದೆ ಕಣ್ಲಾ' ಎಂದ. ತಾಯಮ್ಮ ಅಲ್ಲಿಂದಲೇ ವೈದ್ಯನಾಥಪುರದ ದೇವರಿಗೆ ಹರಕೆ ಹೊತ್ತರು. ನಾನು ಹಸುವಿಗೆ ಅಡುಗೆ ಸೋಡಾ ಕದಡಿ ಕುಡಿಸಿ, ಡ್ರಿಪ್ ಹಾಕಿ, ಸಂಜೆಗೆ ಮೆಲುಕು ಹಾಕುತ್ತೆ ಎಂದು ಹೇಳಿ ಬಂದೆ. ಯಾರೂ ನಂಬಿರಲಿಲ್ಲ. ನಾನು ಅತ್ತ ಹೋದದ್ದೇ ತಡ, ಟೆಂಪೊ ಮಾಡಿಕೊಂಡು ಹಸುವನ್ನು ಮಂಡ್ಯಕ್ಕೆ ಸಾಗಿಸಿದ್ದಾರೆ. ಅಲ್ಲಿನ ಹಿರಿಯ ಡಾಕ್ಟರು, ಟೆಂಪೊದಲ್ಲಿ ನಿಂತೇ ಮೆಲುಕು ಹಾಕುತ್ತಿದ್ದ ಹಸುವನ್ನು ನೋಡಿ, ನಿಂಗೇಗೌಡರ ಮೂರು ತಲೆಮಾರನ್ನು ಜಾಲಾಡಿ ವಾಪಸ್ ಕಳಿಸಿದರಂತೆ. ಮರುದಿನ ಗೌಡರು ಬಂದು, 'ಅವ್ರು ಏನ್ ಬಯ್ದ್ರು ಅಂತೀರಿ ಸಾ, ಓದ್ ಜೀವ ಬಂದಂಗಾಯ್ತು' ಎಂದರು. ಹಸು ಉಳಿಸಿದ ಕೀರ್ತಿಯಲ್ಲಿ ಅರ್ಧ ಮಂಡ್ಯದ ಡಾಕ್ಟರಿಗೆ, ಅರ್ಧ ವೈದ್ಯನಾಥಪುರದ ದೇವರಿಗೆ ಹೋಯಿತು. ನನ್ನ ಪಾಲಿಗೆ ಬಂದದ್ದು ಗೌಡರ ಒಂದು ಸಮಾಧಾನದ ಮಾತು: 'ಎಂಡ್ರು ಮಕ್ಳು ಇಲ್ದೆ ಡಾಕ್ಟ್ರು ಇಂಗಾಗೋದ್ರು, ಪಾಪ' ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು.

ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಎರಡು ವರ್ಷದಿಂದ ನಾನು ಸಂಜೆ ಬೀಗ ತೆಗೆದು ಒಳಗೆ ಹೋದರೆ, 'ಚಪ್ಪಲಿ ಆಚೆ ಬಿಡ್ರೀ, ಸಗಣಿ ನಾತ' ಎನ್ನುವವರಿರಲಿಲ್ಲ. ಬೇಕೆಂದೇ ಒಂದೆರಡು ಸಲ ಚಪ್ಪಲಿ ಹಾಕಿಕೊಂಡು ಅಡುಗೆಮನೆಯವರೆಗೂ ಹೋಗಿದ್ದೇನೆ. ಯಾರೂ ಏನೂ ಅನ್ನದಿದ್ದಾಗ ವಾಪಸ್ ಬಂದು ನಾನೇ ಬಿಚ್ಚಿಟ್ಟಿದ್ದೇನೆ.

ಆದರೆ ಗೌಡರ ಕೊಟ್ಟಿಗೆಯಲ್ಲಿ ನನಗೊಂದು ಗುಟ್ಟು ಸಿಕ್ಕಿತು. ನಮ್ಮ ಜನಕ್ಕೆ ಮೆದುವಾಗಿ ಮಾತಾಡಲು ಬರುವುದಿಲ್ಲ ಎಂದಲ್ಲ. ಬರುತ್ತದೆ, ಸಾವಿನ ಮನೆಯಲ್ಲಿ ಮಾತ್ರ. ಅಲ್ಲಿ ಎಂಥ ಒರಟನೂ ಪಿಸುದನಿಯಲ್ಲಿ, ಹೆಗಲ ಮೇಲೆ ಕೈಯಿಟ್ಟು, 'ಏನ್ ಮಾಡಕಾಯ್ತದೆ, ಧೈರ್ಯ ತಂದ್ಕೊಳಿ' ಎನ್ನುತ್ತಾನೆ. ಅಂದರೆ ಈ ಪರೀಕ್ಷೆಯ ಪ್ರತಿ ಮಾಲೀಕನನ್ನೂ ನಾನು ಸಾವಿನ ಮನೆಯವನೆಂದು ತಿಳಿದರಾಯಿತು. ಉಗುರು ಕತ್ತರಿಸಲು ಬಂದ ಬೆಕ್ಕಿನ ಒಡತಿಯೂ ಮೊನ್ನೆ ತಾನೇ ಗಂಡನನ್ನು ಕಳೆದುಕೊಂಡವಳು. ಹೀಗೆಂದುಕೊಂಡು ಮೇಡಂ ಎದುರು ಮಾತಾಡಿದ ದಿನ ಅವರು ನಿಜವಾಗಿಯೇ ಕಣ್ಣೊರೆಸಿಕೊಂಡರು.

ಎರಡನೆಯ ಸಲ ನನ್ನ ಚೀಟಿಗೆ ಬಂದದ್ದು ಮೂತ್ರಪಿಂಡ ಸೋತ ಮುದಿ ನಾಯಿ, ಅದನ್ನು ಇಂಜೆಕ್ಷನ್ ಕೊಟ್ಟು ನೋವಿಲ್ಲದಂತೆ ಕಳಿಸಿಕೊಡುವ ಮಾತು. ಎದುರಿಗಿದ್ದವರು ಒಬ್ಬ ವಯಸ್ಸಾದ ಮನುಷ್ಯ. ಈ ಸಲ ನಾನೇನೂ ಊಹಿಸಿಕೊಳ್ಳಬೇಕಾಗಲಿಲ್ಲ. 'ಮನೆಯಲ್ಲಿ ನಾನು, ಅದು, ಇಬ್ಬರೇ ಡಾಕ್ಟರೇ' ಎಂದು ಆತ ತಮ್ಮ ಚೀಟಿಯಲ್ಲಿದ್ದದ್ದನ್ನು ಓದಿದಂತೆ ಹೇಳಿದರು. ಖಾಲಿ ಮನೆಯ ವಿಷಯ ನನಗೆ ಗೊತ್ತಿದ್ದರಿಂದ ಮೇಡಂ ಕಲಿಸದ ಎರಡು ಮಾತನ್ನೂ ಆಡಿಬಿಟ್ಟೆ. ಕೊಟ್ಟ ಸಮಯ ಮುಗಿದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಫಲಿತಾಂಶ ಬಂದದ್ದು ಒಂದು ಮಧ್ಯಾಹ್ನ, ಮುದ್ದೆ ಮುರಿಯುವ ಹೊತ್ತಿಗೆ. ಡಿಯರ್ ಡಾಕ್ಟರ್ ಹೊಳಲು ಪಾಸಾಗಿದ್ದರು. ಎಡಗೈಯಲ್ಲೇ ಸವಿತಾಗೆ ಫೋನು ಹಚ್ಚಿದೆ. ತಿಂಗಳುಗಟ್ಟಲೆ ಸಾವಿನ ಮನೆಯ ದನಿಯಲ್ಲಿ ಮಾತಾಡಿ ಅದೇ ಗಂಟಲಿಗೆ ಅಂಟಿಕೊಂಡಿತ್ತು. 'ಸವಿತಾ, ಇಷ್ಟು ದಿನ ನೀನು ಒಬ್ಬಳೇ ಎಷ್ಟು ಕಷ್ಟಪಟ್ಟಿದೀಯ ಅಂತ ನನಗೆ ಅರ್ಥ ಆಗುತ್ತೆ' ಎಂದು ಶುರು ಮಾಡಿದೆ.

 ಆ ಕಡೆಯಿಂದ, ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಕೇಳಿರದ ಒಂದು ಮೆದು ದನಿ, 'ಓಗ್ಲಿ ಬುಡಿ. ಮನ್ಸಿಗೆ ಅಚ್ಕಬ್ಯಾಡಿ. ನಾನು ನಾಳೆನೇ ಆಸ್ಪತ್ರೆಗೆ ಕಾಗ್ದ ಬರ್ದು ಕೊಡ್ತೀನಿ. ನಾವೇ ಬಂದ್ಬುಡ್ತೀವಿ' ಎಂದಿತು.  ಅವಳು ಇಷ್ಟು ಮೆತ್ತಗೆ ಮಾತಾಡಬೇಕಾದರೆ ಏನೋ ಅನಾಹುತವೇ ಆಗಿರಬೇಕು ಎಂದು ಒಂದು ಕ್ಷಣ ಹೆದರಿ, ಆ ಅನಾಹುತ ನಾನೇ ಎಂದು ಹೊಳೆದು, 'ಏ, ಪೂರ್ತಿ ಕೇಳೇ ಮಾರಾಯ್ತಿ, ಪಾಸಾಗಿದೀನಿ ಕಣೇ. ಕಾಗ್ದ ಗೀಗ್ದ ಬರೆದ್ರೆ ನೋಡು' ಎಂದು ಕೂಗಿದೆ.

ಅಲ್ಲಿಂದ ಶುರುವಾಯಿತು. 'ಅದನ್ನ ಮೊದ್ಲು ಹೇಳಕ್ಕೆ ಏನ್ ದಾಡಿ ಬಂದಿತ್ತು ನಿಮ್ಗೆ? ಯಾರೋ ಸತ್ತೋರ ಮನೇಲಿ ಮಾತಾಡ್ದಂಗೆ ಮಾತಾಡ್ತೀರಲ್ಲ, ನನ್ ಜೀವ ಬಾಯಿಗ್ ಬಂದಿತ್ತು' ಎಂದು ಬೈಯುತ್ತ, ನಡುನಡುವೆ ಮೂಗು ಸೀಟುತ್ತ, ಮತ್ತೆ ಬೈದಳು. ಹಿಂದಿನಿಂದ ಚಿನ್ಮಯಿ, 'ಅಮ್ಮ, ಅಪ್ಪನ್ನ ಯಾಕೆ ಬೈತಿದೀಯ?' ಎಂದು ಕೇಳುವುದು ಕೇಳಿಸಿತು. 'ಅಪ್ಪ ಬತ್ತಾವ್ರೆ ಕಣೇ' ಎಂದಳು ಸವಿತಾ. ನಾನೂ ತಿರುಗಿ ಒಂದು ಮಾತು ಬೈಯೋಣವೆಂದು ಬಾಯಿ ತೆರೆದೆ. ಹದಿನೆಂಟು ವರ್ಷ ಬೈದ ಬಾಯಿಂದ ಹೊರಟದ್ದು, 'ಇನ್ನೊಂದು ಮಾತು ಬೈಯೇ' ಎಂದು.