ಸೀನು ಬಂದಾಗ ನೀರಿಗೆ ಕಳಿಸದಿರುವ ಬಗ್ಗೆ

ಇಂದ:
ಗಿಡ್ಡಪ್ಪ, ವಯಸ್ಸು ಎಪ್ಪತ್ತೆಂಟು, ಓದು ಎರಡನೇ ಕ್ಲಾಸು (ಅರ್ಧ),
ಸೋಫಾದ ಎಡತುದಿ, ದೇವರಾಜ ಅರಸು ಬಡಾವಣೆ, ದಾವಣಗೆರೆ.

ಗೆ:
ಕುಮಾರಿ ರೇವತಿ, ಅರ್ಜಿದಾರನ ಮೊಮ್ಮಗಳು ಹಾಗೂ ರಿಮೋಟಿನ ಸರ್ವಾಧಿಕಾರಿಗಳು,
ಅದೇ ಸೋಫಾದ ಬಲತುದಿ (ಸದ್ಯ ಮಹಡಿ ಕೋಣೆ).

ವಿಷಯ: ವೆಬ್ ಸೀರೀಸಿನಲ್ಲಿ ಮುತ್ತಿನ ಸೀನು ಬಂದಾಗಲೆಲ್ಲ ಅರ್ಜಿದಾರನನ್ನು ನೀರು ತರಲು ಎಬ್ಬಿಸುವುದನ್ನು ನಿಲ್ಲಿಸುವ ಕುರಿತು.

ಉಲ್ಲೇಖ: ಕಳೆದ ಭಾನುವಾರ ಮಧ್ಯಾಹ್ನ ತಾವು ಹೊರಡಿಸಿದ “ಅಜ್ಜ, ಒಂದ್ ಚೊಂಬು ನೀರ್ ತರ್ತೀಯಾ?” ಎಂಬ ಮೌಖಿಕ ಆದೇಶ. ಒಟ್ಟು ನಾಲ್ಕು ಸಲ.

ಮಾನ್ಯ ಮೊಮ್ಮಗಳೇ,

೧. ಶನಿವಾರ ಹರಿಹರದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ತಾವು “ಓಟಿಟಿಗೆ ಸೆನ್ಸಾರ್ ಬ್ಯಾಡ, ನಾವೇನ್ ನೋಡ್ಬೇಕು ಅಂತ ಯಾರೂ ಹೇಳಂಗಿಲ್ಲ” ಎಂದು ಗುಡುಗಿ ಮೊದಲ ಬಹುಮಾನ ತಂದಿರಿ. ಅರ್ಜಿದಾರನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದನು. ಮರುದಿನವೇ ಮೇಲ್ಕಂಡ ಆದೇಶ ಹೊರಬಿದ್ದಿತು.

೨. ನಾಲ್ಕನೇ ಚೊಂಬು ತರುವಷ್ಟರಲ್ಲಿ ಕಥೆಯ ಇನ್ಸ್‌ಪೆಕ್ಟರು ಕಾಣೆಯಾಗಿದ್ದರು.

“ಆ ಪೊಲೀಸಪ್ಪ ಎಲ್ಲಿ ಹೋದ್ನವ್ವಾ?”

“ಸತ್ತ, ಅಜ್ಜ.”

“ಹೆಂಗೆ?”

“ಮುತ್ತು ಕೊಡಾವಾಗ ಅವಳು ಚಾಕು ಹಾಕಿದ್ಲು... ಅಯ್ಯೋ ಹೋಗಜ್ಜ, ನಿನ್ ಮುಂದೆ ಹೇಳಾಕೂ ನಾಚ್ಕೆ! ನಾ ಮ್ಯಾಲೆ ಹೋಗಿ ಒಬ್ಳೇ ನೋಡ್ತೀನಿ.”

ಅಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಹಡಿ ಹತ್ತಿದವರು ತಾವು ಟೀವಿಯ ಮುಂದೆ ಮತ್ತೆ ಕೂತಿಲ್ಲ. ಇದರಿಂದಾಗಿ ಸೋಫಾ ಬಹಳ ದೊಡ್ಡದಾಗಿದೆ.

೩. ತಮ್ಮನ್ನು ದೂರುವ ಯೋಗ್ಯತೆ ಅರ್ಜಿದಾರನಿಗಿಲ್ಲ. ಕಾರಣ, ಮಲೆಬೆನ್ನೂರಿನ ಟೆಂಟ್ ಸಿನೆಮಾದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ಹನ್ನೊಂದು ವರ್ಷವೂ, ಹೀರೋ ಹೀರೋಯಿನ್ನು ಹತ್ತಿರ ಬಂದ ಕೂಡಲೇ ಊರ ಹಿರಿಯರು ಕೆಮ್ಮುತ್ತಿದ್ದರು; ಅರ್ಜಿದಾರನು ಲೆನ್ಸಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದನು. “ಏ ಗಿಡ್ಡ, ಕೈ ತೆಗಿಯಲೇ!” ಎಂದು ಹುಡುಗರು ಕೂಗಿದರೂ ತೆಗೆಯಲಿಲ್ಲ. ಊರಿಗೆಲ್ಲ ತಪ್ಪಿದ ಮುತ್ತು ಇವನೊಬ್ಬನ ಅಂಗೈ ಮೇಲೆ ಬೀಳುತ್ತಿತ್ತು; ಬರೀ ಬಣ್ಣ, ಬರೀ ಬಿಸಿ. ಸದರಿ ಹುಡುಗರ ಸಂಕಟ ಐವತ್ತು ವರ್ಷ ತಡವಾಗಿ, ಚೊಂಬು ಹಿಡಿದು ನಿಂತಾಗ ಅರ್ಥವಾಯಿತು.

ಆದ್ದರಿಂದ ತಾವು ದಯಮಾಡಿ ಕೆಳಗಿಳಿದು, ಉಳಿದ ಕಂತುಗಳನ್ನು ಅರ್ಜಿದಾರನ ಪಕ್ಕದಲ್ಲೇ ಕೂತು ನೋಡಬೇಕು. ಅಂಥ ಸೀನು ಬಂದಲ್ಲಿ ಅವನು ಅದೇ ಅಂಗೈಯನ್ನು ಈ ಸಲ ತನ್ನ ಕಣ್ಣಿಗೇ ಅಡ್ಡ ಹಿಡಿದುಕೊಳ್ಳುವನು. ಬೆರಳ ಸಂದಿಯ ಬಗ್ಗೆ ತಪಾಸಣೆ ಮಾಡಕೂಡದು.

ನೀರು ಹೊತ್ತು ದಣಿದ ತಮ್ಮ ವಿಶ್ವಾಸಿ,
ಗಿಡ್ಡಪ್ಪ (ಸಹಿ ಸ್ವಲ್ಪ ಸೊಟ್ಟ)

ಲಗತ್ತು:
೧. ಬಲ ಅಂಗೈ, ಮೂಲಪ್ರತಿ.
೨. ತುಂಬಿದ ಚೊಂಬು ನಾಲ್ಕು. ಸೋಫಾದ ಪಕ್ಕ ಮುಂಗಡವಾಗಿ ಇಡಲಾಗಿದೆ.

ವಿಶೇಷ ಸೂಚನೆ: ಕೊಂದವಳು ಸಿಕ್ಕಿಬಿದ್ದಳೇ ಎಂಬುದನ್ನು ತಾವು ಈಗಾಗಲೇ ಒಬ್ಬರೇ ನೋಡಿದ್ದರೂ ಅರ್ಜಿದಾರನಿಗೆ ಮೊದಲೇ ಹೇಳಬಾರದಾಗಿ ಪ್ರಾರ್ಥನೆ.